ಅವ್ವನ ಸೀರೆ, ನನ್ನ ಕೌದಿ ಮತ್ತು ಪಕ್ಕದ ಬಣ್ಣ

ಅವ್ವ ತೀರಿಕೊಂಡ ವರ್ಷ ಧಾರವಾಡದಿಂದ ಪುಣೆಗೆ ಒಂದು ಟ್ರಂಕು ಬಂತು. ಒಳಗೆ ಹದಿನೆಂಟು ಸೀರೆ. ಆರು ಇಳಕಲ್, ಒಂದು ಹಳೇ ಕಪ್ಪು ಚಂದ್ರಕಾಳಿ, ಉಳಿದವು ದಿನಾ ಉಡುವ ಹತ್ತಿ ಸೀರೆಗಳು. ತಳದಲ್ಲಿ ಅಪ್ಪನ ನಾಲ್ಕು ಧೋತರ. ಉಡೋಣ ಅಂದರೆ ಸೀರೆಗಳು ಮಡಿಕೆಯಲ್ಲೇ ಸೀಳಿದ್ದವು. ಯಾರಿಗಾದರೂ ಕೊಡೋಣ ಅಂದರೆ ಮನಸ್ಸು ಬರಲಿಲ್ಲ. ಇಂಥ ಬಟ್ಟೆಗೆ ನಮ್ಮ ಕಡೆ ಇರುವ ದಾರಿ ಒಂದೇ. ಕೌದಿ, ಹಳೇ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಹೊದಿಕೆ.

ಅಜ್ಜಿ ಕೌದಿ ಹೊಲಿಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಕೈ ಹಾಕಿರಲಿಲ್ಲ. ಹೊಲಿಗೆ ಏನು, ಸೂಜಿ ಹಿಡಿದರೆ ಎಂಟು ದಿನಕ್ಕೆ ಕೈಗೆ ಕೂಡುತ್ತದೆ. ನನಗೆ ಕಷ್ಟ ಕೊಟ್ಟದ್ದು ಬಣ್ಣ. ಆರು ವರ್ಷದಲ್ಲಿ ಹನ್ನೊಂದು ಕೌದಿ ಮುಗಿಸಿದ್ದೇನೆ. ಈಗಲೂ ಹೊಲಿಯುವುದಕ್ಕಿಂತ ಜಾಸ್ತಿ ಹೊತ್ತು ನೆಲದ ಮೇಲೆ ತುಂಡು ಹರಡಿಕೊಂಡು ಕೂರುತ್ತೇನೆ.

ಮೊದಲನೆಯ ಕೌದಿಗೆ ಇದ್ದಬದ್ದ ಚೆಂದದ ಬಣ್ಣ ಎಲ್ಲಾ ಆರಿಸಿದೆ. ದಾಳಿಂಬೆ ಕೆಂಪು, ನವಿಲು ಹಸಿರು, ರಾಣಿ ಬಣ್ಣ, ಬದನೆಕಾಯಿ ಬಣ್ಣ, ಗಾಢ ನೀಲಿ. ಮಾಸಿದವನ್ನು, ಕೆನೆ ಬಣ್ಣದವನ್ನು, ಮಣ್ಣಿನ ಬಣ್ಣದವನ್ನು ಪಕ್ಕಕ್ಕೆ ಒಗೆದೆ. ಒಂದೊಂದು ತುಂಡೂ ಕೈಯಲ್ಲಿ ಹಿಡಿದರೆ ಕಣ್ಣಿಗೆ ಹಬ್ಬ. ಎಲ್ಲಾ ಸೇರಿಸಿ ಹಾಸಿದೆ ನೋಡಿ, ಕಣ್ಣು ಎಲ್ಲೂ ನಿಲ್ಲಲಿಲ್ಲ. ಏನೋ ತಪ್ಪಿದೆ ಅಂತ ಗೊತ್ತಾಯಿತು, ಏನು ಅಂತ ಗೊತ್ತಾಗಲಿಲ್ಲ.

ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ ಮೂರು ಕನ್ನಡದ ಮನೆಗಳಿವೆ. ಮೇಲಿನ ಮನೆಯ ಮೌಶಿ ವಿಜಯಪುರದವರು, ಎಪ್ಪತ್ತು ದಾಟಿದವರು. ಅವರನ್ನು ಕರೆದು ತೋರಿಸಿದೆ. ಬಾಗಿಲಲ್ಲೇ ನಿಂತು ನೋಡಿದರು.

‘ತಂಗೀ, ಇದು ಕೌದಿ ಆಗಿಲ್ಲವಾ, ಜಾತ್ರಿ ಆಗೇದ’ ಅಂದರು. ಆಮೇಲೆ ಒಳಗೆ ಬಂದು ಕೂತು ನಿಧಾನವಾಗಿ ಹೇಳಿದರು. ‘ತಾಟಿನಾಗ ಉಪ್ಪಿನಕಾಯಿ, ಖಾರಬ್ಯಾಳಿ, ರಂಜಕ ಇಷ್ಟ ಬಡಿಸಿದ್ರ ಹೆಂಗ ಉಣ್ಣೂದು? ನಡುವ ಅನ್ನ ಬೇಕಲ್ಲ. ಆ ಮಾಸಿದ್ದು ಒಗದೀಯಲ್ಲ, ಅದ ಅನ್ನ.’

ಆ ಮಾತು ಇವತ್ತಿಗೂ ನನ್ನ ಕೆಲಸ ನಡೆಸುತ್ತಿದೆ.

ಅವತ್ತು ರಾತ್ರಿ ಸುಮ್ನೆ ಮೊಬೈಲಿನಲ್ಲಿ ಆ ಹಾಸಿನ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿದೆ. ಕೆಂಪು, ಹಸಿರು, ನೀಲಿ, ರಾಣಿ ಬಣ್ಣ, ಎಲ್ಲವೂ ಹೆಚ್ಚುಕಡಿಮೆ ಒಂದೇ ಬೂದು! ಬಣ್ಣ ಬೇರೆ ಬೇರೆ, ಆದರೆ ಕಪ್ಪು ಎಷ್ಟು, ಬೆಳಕು ಎಷ್ಟು ಅನ್ನುವ ಲೆಕ್ಕದಲ್ಲಿ ಎಲ್ಲಾ ಒಂದೇ ಮೆಟ್ಟಿಲ ಮೇಲೆ ನಿಂತಿದ್ದವು. ಹಾಗಾಗಿ ಯಾವುದೂ ಮುಂದೆ ಬರುತ್ತಿರಲಿಲ್ಲ, ಯಾವುದೂ ಹಿಂದೆ ಸರಿಯುತ್ತಿರಲಿಲ್ಲ. ಈಗ ಕೌದಿಗೂ ಸರಿ, ರಂಗೋಲಿಗೂ ಸರಿ, ಹಣತೆಗೂ ಸರಿ, ಮೊದಲು ಈ ಫೋಟೋ ಪರೀಕ್ಷೆ ಮಾಡುತ್ತೇನೆ. ಫೋಟೋದಲ್ಲಿ ಅಚ್ಚ ಕಪ್ಪು, ನಡುವಿನ ಬೂದು, ತಿಳಿ ಬೂದು ಮೂರೂ ಕಂಡರೆ ಮಾತ್ರ ಸೂಜಿ ಹಿಡಿಯುವುದು. ಇದಕ್ಕೆ ದುಡ್ಡಿಲ್ಲ, ಕಾಸಿಲ್ಲ. ಯಾರು ಬೇಕಾದರೂ ಇವತ್ತೇ ಮಾಡಿ ನೋಡಬಹುದು.

ಮರುದಿನ ಪಕ್ಕಕ್ಕೆ ಎಸೆದಿದ್ದ ತುಂಡುಗಳನ್ನೆಲ್ಲ ಮತ್ತೆ ತಂದೆ. ಅದರಲ್ಲಿ ಒಂದು ಕಾಚಿನ ಬಣ್ಣದ ತುಂಡು. ಅವ್ವ ಅಡುಗೆಮನೆಯಲ್ಲಿ ಉಡುತ್ತಿದ್ದ ಸೀರೆಯದು, ಒಗೆದು ಒಗೆದು ಮಣ್ಣಿನ ಹಾಗಾಗಿತ್ತು. ಅರಿಶಿನ ಬಣ್ಣದ ಬಟ್ಟೆ ಪಕ್ಕ ಇಟ್ಟೆ, ಕೆಸರು ಮೆತ್ತಿದ ಹಾಗೆ ಕಂಡಿತು. ಎತ್ತಿ ಗಾಢ ನೀಲಿಯ ಮೇಲೆ ಇಟ್ಟೆ. ಅದೇ ತುಂಡು, ಅದೇ ಬೆಳಕು, ಹಳೇ ಬಂಗಾರದ ಹಾಗೆ ಹೊಳೆಯಿತು. ನಂಬಿಕೆಯಾಗದೆ ಒಂದೇ ತುಂಡನ್ನು ಎರಡಾಗಿ ಕತ್ತರಿಸಿ ಒಂದನ್ನು ಇಲ್ಲಿ, ಒಂದನ್ನು ಅಲ್ಲಿ ಇಟ್ಟು ನೋಡಿದೆ. ಎರಡು ಬೇರೆ ಸೀರೆ ಅಂತಲೇ ಅನ್ನಿಸುತ್ತಿತ್ತು.

ಇದು ನನ್ನ ಕಣ್ಣಿನ ಭ್ರಮೆ ಇರಬೇಕು ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಮಗಳು ಇದರ ಹಿಂದಿನ ಕಥೆ ಹೇಳಿದಳು. ಪ್ಯಾರಿಸಿನಲ್ಲಿ ಗೊಬ್ಲಾಂ ಅಂತ ಒಂದು ಕಾರ್ಖಾನೆ, ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆ ನೇಯುವ ಜಾಗ. 1824ರಲ್ಲಿ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಅಲ್ಲಿ ಬಣ್ಣ ಹಾಕುವ ಕೆಲಸದ ಮುಖ್ಯಸ್ಥನಾಗಿ ಸೇರಿದ. ಅವನ ಮುಂದೆ ಬಂದ ಒಂದು ದೂರು, ‘ಇಲ್ಲಿಯ ಕಪ್ಪು ನೂಲಿಗೆ ಕಸುವಿಲ್ಲ’. ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿ ನೋಡಿದ. ಇಲ್ಲಿಯದರಲ್ಲಿ ಏನೂ ಕೊರತೆ ಇರಲಿಲ್ಲ. ನೀಲಿ, ನೇರಳೆ ಪಕ್ಕ ನೇಯ್ದಾಗ ಮಾತ್ರ ಅದು ಸಪ್ಪೆಯಾಗಿ ಕಾಣುತ್ತಿತ್ತು. ತಪ್ಪು ನೂಲಿನದಲ್ಲ, ಪಕ್ಕದವರದು. ಆ ಜಾಡು ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿ 1839ರಲ್ಲಿ ಪ್ರಕಟಿಸಿದ. ವಿಜಯಪುರದ ಮೌಶಿ ಹೇಳಿದ್ದೂ ಇದೇ ಅಲ್ವಾ?

ಕೊನೆಗೆ ಆ ಕೌದಿ ದಾರಿಗೆ ಬಂದದ್ದು ಚಂದ್ರಕಾಳಿಯಿಂದ. ಕಸೂತಿ ಹಾಕಿದ ಭಾಗವನ್ನು ಬೇರೆ ಎತ್ತಿಟ್ಟೆ, ಅದಕ್ಕೆ ಕತ್ತರಿ ಹಾಕುವ ಧೈರ್ಯ ಇಂದಿಗೂ ಇಲ್ಲ. ಉಳಿದ ಕಪ್ಪು ಬಟ್ಟೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಬಣ್ಣ ಬಣ್ಣದ ನಡುವೆ ಇಟ್ಟೆ. ಜಗಳ ನಿಂತಿತು. ಕಪ್ಪಿನ ಪಕ್ಕ ಬಂದ ಕೂಡಲೇ ಇಳಕಲ್ ಸೆರಗಿನ ಕೆಂಪು ಹೊತ್ತಿಕೊಂಡ ಹಾಗೆ ಕಂಡಿತು. ಈಗ ನನ್ನದು ಒಂದು ಅಂದಾಜು ಇದೆ. ಹತ್ತು ತುಂಡು ಇದ್ದರೆ ಆರು ಮಾಸಿದ, ಸಪ್ಪೆ ಬಣ್ಣ. ಮೂರು ನಡುವಿನವು. ಒಂದೇ ಒಂದು ಉರಿಯುವ ಬಣ್ಣ. ಆ ಒಂದನ್ನು ಎಲ್ಲಿ ಇಡಬೇಕು ಅಂತ ಯೋಚಿಸುವುದರಲ್ಲೇ ಒಂದು ಸಂಜೆ ಹೋಗುತ್ತದೆ. ಹೋಗಲಿ.

ಬೆಳಕಿನ ವಿಷಯದಲ್ಲಿ ಒಮ್ಮೆ ಬಿದ್ದಿದ್ದೇನೆ. ಎರಡನೆಯ ಕೌದಿಯ ತುಂಡುಗಳನ್ನು ರಾತ್ರಿ ಊಟದ ಮೇಲೆ ದೀಪದ ಬೆಳಕಿನಲ್ಲಿ ಜೋಡಿಸಿದೆ. ಎರಡು ಹಸಿರು ತುಂಡು ಅಕ್ಕ-ತಂಗಿಯರ ಹಾಗೆ ಇದ್ದವು. ಬೆಳಗ್ಗೆ ಕಿಟಕಿ ಹತ್ತಿರ ತಂದರೆ ಒಂದು ಹಳದಿಗೆ ತಿರುಗಿದ ಹಸಿರು, ಇನ್ನೊಂದು ನೀಲಿಗೆ ತಿರುಗಿದ ಹಸಿರು. ಅಜ್ಜಿ ಸೀರೆ ಅಂಗಡಿಗೆ ಹೋದರೆ ‘ಹೊರಗ ಬೆಳಕಿನಾಗ ತೋರಸ್ರೀ’ ಅಂತ ಕಟ್ಟೆಯ ತನಕ ತರಿಸುತ್ತಿದ್ದಳು. ಯಾಕೆ ಅಂತ ಆ ಬೆಳಗ್ಗೆ ಅರ್ಥವಾಯಿತು. ಈಗ ಹತ್ತು ಗಂಟೆಯ ಬೆಳಕಿನಲ್ಲಿ, ಕಿಟಕಿ ಪಕ್ಕ ಮಾತ್ರ ಬಣ್ಣ ಆರಿಸುತ್ತೇನೆ. ರಾತ್ರಿ ಹೊಲಿಗೆ ಮಾತ್ರ.

ನಾಲ್ಕನೆಯ ಕೌದಿಯ ಹೊತ್ತಿಗೆ ‘ಅನ್ನ’ ಖಾಲಿಯಾಯಿತು. ಉರಿಯುವ ಬಣ್ಣ ಬೇಕಾದಷ್ಟಿತ್ತು, ಸಪ್ಪೆ ಬಣ್ಣ ಇರಲಿಲ್ಲ. ಅಂಗಡಿಯಲ್ಲಿ ಹೊಸ ಬಟ್ಟೆ ಕೊಂಡು ಹಳೇ ಸೀರೆಗೆ ಸೇರಿಸಲು ಮನಸ್ಸಾಗಲಿಲ್ಲ. ಆಗ ನೆನಪಾದದ್ದು ಅಪ್ಪನ ಧೋತರ.

ಮೊದಲು ಅರಿಶಿನ ಹಾಕಿ ನೋಡಿದೆ. ಎಂಥ ಹಳದಿ ಬಂತು ಅಂತೀರಿ! ಸಾಬೂನಿನಲ್ಲಿ ಹಾಕಿದ ಕೂಡಲೇ ಕೆಂಪಾಗಿ ಹೋಯಿತು. ಗಾಬರಿಯಾಯಿತು. ಆಮೇಲೆ ನೆನಪಾಯಿತು, ಆರತಿಯ ಓಕುಳಿ ಮಾಡುವುದೂ ಹೀಗೇ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ಕ್ಷಾರ ಸಿಕ್ಕರೆ ಅರಿಶಿನ ಬಣ್ಣ ಬದಲಿಸುತ್ತದೆ, ಸಾಬೂನಿನಲ್ಲೂ ಕ್ಷಾರವೇ ಇರುವುದು. ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ಅದ್ದಿದೆ, ಹಳದಿ ವಾಪಸ್ ಬಂತು. ಆದರೆ ಬಾಲ್ಕನಿಯ ಬಿಸಿಲಿನಲ್ಲಿ ಎರಡೇ ವಾರಕ್ಕೆ ಬಣ್ಣ ಹಾರಿಹೋಯಿತು. ಅರಿಶಿನ ಬಿಸಿಲಿಗೆ ತಡೆಯುವುದಿಲ್ಲ. ಕೌದಿಗೆ ಅದು ಬೇಡ.

ಈರುಳ್ಳಿ ಸಿಪ್ಪೆ ಕೈಹಿಡಿಯಿತು. ತರಕಾರಿ ಮಾರುಕಟ್ಟೆಯಲ್ಲಿ ಈರುಳ್ಳಿ ಮಾರುವವರ ಹತ್ತಿರ ಚೀಲ ಹಿಡಿದು ನಿಂತರೆ ಒಣ ಸಿಪ್ಪೆ ಪುಕ್ಕಟೆ ತುಂಬಿಕೊಡುತ್ತಾರೆ. ಗಿಡಮೂಲಿಕೆ ಅಂಗಡಿಯಲ್ಲಿ ಅಳಲೆಕಾಯಿ ಪುಡಿ ಮತ್ತು ಪಟಿಕ ತಂದೆ. ಇಲ್ಲಿ ಹಿರಡಾ, ತುರಟಿ ಅಂತ ಕೇಳಬೇಕು. ಒಂದು ಧೋತರ ತೂಗಿದರೆ 400 ಗ್ರಾಂ ಇತ್ತು. ಮೊದಲು ವಾಷಿಂಗ್ ಸೋಡಾ ಹಾಕಿ ಕುದಿಸಿ ಜಿಡ್ಡು, ಗಂಜಿ ತೆಗೆದೆ. ಆಮೇಲೆ 80 ಗ್ರಾಂ ಅಳಲೆ ಪುಡಿ ಕಲಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ ಒಣಗಿಸಿದೆ. ಮರುದಿನ ಬಿಸಿನೀರಿನಲ್ಲಿ 60 ಗ್ರಾಂ ಪಟಿಕ ಕರಗಿಸಿ ಅದರಲ್ಲಿ ಮತ್ತೆ ನೆನೆಸಿದೆ. ಹತ್ತಿಗೆ ಈ ಎರಡೂ ಬೇಕು. ಅಳಲೆಯ ಒಗರು ನೂಲನ್ನು ಹಿಡಿಯುತ್ತದೆ, ಅದು ಪಟಿಕವನ್ನು ಹಿಡಿಯುತ್ತದೆ, ಪಟಿಕ ಬಣ್ಣವನ್ನು ಹಿಡಿಯುತ್ತದೆ. ಒಬ್ಬರ ಕೈ ಒಬ್ಬರು ಹಿಡಿದ ಹಾಗೆ. ಇದನ್ನು ಬಿಟ್ಟು ನೇರ ಸಿಪ್ಪೆ ನೀರಿಗೆ ಅದ್ದಿದರೆ ಎರಡು ಒಗೆತಕ್ಕೆ ಬಣ್ಣದ ಮುಕ್ಕಾಲು ಪಾಲು ಮೋರಿಗೆ ಹೋಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಬಟ್ಟೆಯಷ್ಟೇ ತೂಕದ ಸಿಪ್ಪೆಯನ್ನು ಒಂದು ಗಂಟೆ ಕುದಿಸಿ ಸೋಸಿದೆ. ಆ ನೀರಿಗೆ ಧೋತರ ಇಳಿಸಿ ಸಣ್ಣ ಉರಿಯಲ್ಲಿ ಇನ್ನೊಂದು ಗಂಟೆ, ಆರುವ ತನಕ ಅದರಲ್ಲೇ. ಪಾತ್ರೆ ಸ್ಟೀಲಿನದೇ ಇರಲಿ, ಮತ್ತು ಅದನ್ನು ಅಡುಗೆಗೆ ವಾಪಸ್ ತರಬೇಡಿ. ಹೊರಗೆ ಬಂದದ್ದು ಹಣ್ಣಾದ ಹುಣಸೆ ಎಲೆಯ ಹಾಗಿನ ಹಳದಿ-ಕಂದು. ಅರ್ಧ ಧೋತರವನ್ನು ಹಾಗೇ ಇಟ್ಟು, ಇನ್ನರ್ಧವನ್ನು ಮತ್ತೆ ಅದೇ ನೀರಿಗೆ ಹಾಕಿ ತುಕ್ಕಿನ ನೀರು ಎರಡು ಚಮಚ ಬೆರೆಸಿದೆ. ತುಕ್ಕು ಹಿಡಿದ ಮೊಳೆಗಳನ್ನು ನೀರು ಬೆರೆಸಿದ ವಿನೆಗರಿನಲ್ಲಿ ಹತ್ತು ದಿನ ಇಟ್ಟು ಮಾಡಿದ ನೀರದು. ನೋಡುತ್ತಿದ್ದಂತೆ ಹಳದಿ ಹೋಗಿ ಹಸಿರು ಬೆರೆತ ಬೂದು ಬಂತು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಹೀಗೇ. ಆದರೆ ತುಕ್ಕಿನ ನೀರು ಜಾಸ್ತಿಯಾದರೆ ಕೆಲವು ವರ್ಷಕ್ಕೆ ನೂಲು ಪೊಳ್ಳಾಗುತ್ತದೆ. ಎರಡು ಚಮಚದಲ್ಲೇ ನಿಲ್ಲಿಸಿ. ಪಾಲಿಯೆಸ್ಟರ್ ಬಟ್ಟೆಗೆ ಇದಾವುದೂ ಸರಿಯಾಗಿ ಅಂಟುವುದಿಲ್ಲ.

ಅಪ್ಪನ ಒಂದು ಧೋತರದಿಂದ ನನಗೆ ಹೀಗೆ ಎರಡು ಬಗೆಯ ಅನ್ನ ಸಿಕ್ಕಿತು.

ದಾರವೂ ಒಂದು ಬಣ್ಣ ಅಂತ ತಿಳಿಯಲು ಇನ್ನೂ ಎರಡು ಕೌದಿ ಬೇಕಾದವು. ಮೊದಮೊದಲು ಎಲ್ಲಾ ಕಡೆ ಬಿಳಿ ದಾರ ಹಾಕುತ್ತಿದ್ದೆ. ಕೌದಿ ತುಂಬಾ ಕಾಳು ಚೆಲ್ಲಿದ ಹಾಗೆ ಬರುವ ಆ ಸಣ್ಣ ಹೊಲಿಗೆ ಲೆಕ್ಕವಿಲ್ಲದಷ್ಟು ಚುಕ್ಕೆಯಾಗಿ ಬೀಳುತ್ತದೆ. ಹತ್ತಿರದಿಂದ ಚುಕ್ಕೆ ಕಾಣುತ್ತದೆ, ನಾಲ್ಕು ಹೆಜ್ಜೆ ಹಿಂದೆ ಹೋದರೆ ಬಟ್ಟೆಯ ಬಣ್ಣದಲ್ಲಿ ಬೆರೆತುಹೋಗುತ್ತದೆ. ಗಾಢ ನೀಲಿಯ ಮೇಲೆ ಬಿಳಿ ದಾರ ಹಾಕಿದರೆ ನೀಲಿ ತಿಳಿಯಾಗುತ್ತದೆ. ಹಳದಿಯ ಮೇಲೆ ಕೆಂಪು ದಾರ ಹಾಕಿದರೆ ದೂರದಿಂದ ಕಿತ್ತಳೆಯ ಛಾಯೆ. ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ ಇರುವ ಧೂಪಛಾವ್ ಸೀರೆಯಲ್ಲೂ ಕಣ್ಣು ಹೀಗೇ ಬೆರೆಸಿಕೊಳ್ಳುತ್ತದೆ. ಒಂದು ಕಡೆ ಬೂದು ತುಂಡು ತೀರಾ ಸತ್ತ ಹಾಗಿತ್ತು. ಬಿಚ್ಚಲು ಬೇಜಾರು. ಅದರ ಮೇಲೆ ಕುಂಕುಮ ಬಣ್ಣದ ದಾರದಲ್ಲಿ ಇನ್ನೊಂದು ಸಾಲು ಹೊಲಿದೆ, ಜೀವ ಬಂತು.

ಇದೇ ಲೆಕ್ಕ ಬೇರೆ ಕೆಲಸಕ್ಕೂ ಬರುತ್ತದೆ. ಗಣಪತಿ ಕಳಿಸುವ ದಿನ ಲಕ್ಷ್ಮೀ ರಸ್ತೆಯಲ್ಲಿ ಬಿಡಿಸುವ ದೊಡ್ಡ ರಂಗೋಲಿಗಳನ್ನು ಮೆರವಣಿಗೆ ಬರುವ ಮೊದಲೇ ಹೋಗಿ ನೋಡುತ್ತೇನೆ. ಎರಡು ಗಟ್ಟಿ ಬಣ್ಣದ ನಡುವೆ ಬಿಳಿ ಗೆರೆ ಎಳೆದಿರುತ್ತಾರೆ, ನನ್ನ ಚಂದ್ರಕಾಳಿ ಪಟ್ಟಿಯ ಕೆಲಸವನ್ನೇ ಅದು ಮಾಡುತ್ತದೆ. ದೀಪಾವಳಿಗೆ ಕುಂಭಾರವಾಡೆಯಿಂದ ತಂದ ಹಣತೆಗೆ ಪೂರ್ತಿ ಬಣ್ಣ ಬಳಿಯುವುದನ್ನು ಬಿಟ್ಟಿದ್ದೇನೆ. ಸುಟ್ಟ ಮಣ್ಣಿನ ಕೆಂಪನ್ನು ಹಾಗೇ ಬಿಟ್ಟು ಅಂಚಿಗೆ ಮಾತ್ರ ಬಿಳಿ, ನೀಲಿ. ಹಳದಿ ಬೇಕೇ ಬೇಕು ಅಂದರೆ ಕೆಳಗೆ ಒಂದು ಕೈ ಬಿಳಿ ಬಳಿಯಿರಿ, ಇಲ್ಲದಿದ್ದರೆ ಮಣ್ಣು ಅದನ್ನು ನುಂಗುತ್ತದೆ.

ಹನ್ನೊಂದನೆಯ ಕೌದಿ ಮಗಳಿಗೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ಹೂವು ಇಡುತ್ತಾರೆ, ಫುಲಾ ಅಂತಾರೆ. ಹೂವಿಲ್ಲದಿದ್ದರೆ ಅವರಿಗೆ ಕೌದಿ ಬೆತ್ತಲೆ ಅನ್ನಿಸುತ್ತದಂತೆ. ಅದನ್ನು ನೋಡಿ ನಾನೂ ಹೂವು ಇಟ್ಟೆ. ಮೂರು ಮೂಲೆಗೆ ಅವ್ವನ ಇಳಕಲ್ ಸೆರಗಿನ ಕೆಂಪು. ನಾಲ್ಕನೆಯದಕ್ಕೆ ಆ ಕೆಂಪು ಮುಗಿದೇಹೋಯಿತು. ಹೊಸ ಕೆಂಪು ತರಲಿಲ್ಲ. ಅಪ್ಪನ ಧೋತರದ ಬೂದು ಬಣ್ಣದ ತುಂಡನ್ನೇ ಮಡಚಿ ಇಟ್ಟು, ಸುತ್ತ ಕೆಂಪು ದಾರ ಹಾಕಿದೆ. ಫೋಟೋ ಕಳಿಸಿದ ಐದೇ ನಿಮಿಷಕ್ಕೆ ಮಗಳ ಫೋನ್ ಬಂತು. ‘ಅಮ್ಮಾ, ಆ ನಾಲ್ಕನೇ ಮೂಲೆಯ ಹೂವು ಯಾವ ಬಟ್ಟೆದು?’