ಕುಂಡಗಳನ್ನು ಕುಟುಂಬ ನೋಡಿ ಜೋಡಿಸಿದೆ: ನನ್ನ ಅನುಭವ

ತಾರಸಿಯ ಕುಂಡಗಳನ್ನು ಬಣ್ಣ ನೋಡಿ ಅಲ್ಲ, ಸಸ್ಯದ ಕುಟುಂಬ ನೋಡಿ ಜೋಡಿಸುತ್ತೇನೆ ಅಂದಾಗ ಗೆಳೆಯರು ಒಪ್ಪಲಿಲ್ಲ. ಹೂ ಬೆಳೆಯೋಕೆ ಲ್ಯಾಟಿನ್ ಹೆಸರು ಯಾಕೆ ಅಂದರು. ಈಗ ಅವರೇ ನನ್ನ ಪಟ್ಟಿ ಕೇಳುತ್ತಿದ್ದಾರೆ.

ಇದಕ್ಕೆ ಕೈ ಹಾಕಿದ್ದು ದುಡ್ಡಿನ ಕಾರಣಕ್ಕೆ. ಒಂದು ನರ್ಸರಿಯಲ್ಲಿ ವಿಂಕಾ, ಇನ್ನೊಂದರಲ್ಲಿ ಪೆರಿವಿಂಕಲ್, ಮತ್ತೊಂದರಲ್ಲಿ ನಿತ್ಯಪುಷ್ಪ ಅಂತ ಕೊಟ್ಟದ್ದೆಲ್ಲ ಒಂದೇ ಕ್ಯಾಥರಾಂಥಸ್ ರೋಸಿಯಸ್. ‘ಹಿಮಾಲಯದ ಬ್ರಹ್ಮಕಮಲ’ ಅಂತ ಹೆಚ್ಚುಕಡಿಮೆ 400 ರೂಪಾಯಿಗೆ ಕೊಟ್ಟದ್ದು ಎಪಿಫಿಲಂ ಆಕ್ಸಿಪೆಟಾಲಂ, ಕಳ್ಳಿ ಜಾತಿಯದು. ಪಕ್ಕದ ಮನೆಯಿಂದ ಒಂದು ಎಲೆ ತಂದು ಚುಚ್ಚಿದ್ದರೂ ಬರುತ್ತಿತ್ತು. ಹಿಮಾಲಯದ್ದು ಸಾಸೂರಿಯಾ ಒಬ್ವಲ್ಲಾಟಾ, ಸೂರ್ಯಕಾಂತಿ ಕುಟುಂಬ. ಅದು ನಮ್ಮ ತಾರಸಿಯ ಗಿಡವೇ ಅಲ್ಲ. ಜಿರೇನಿಯಂ ಅಂತ ಮಾರುವ ಪೆಲಾರ್ಗೋನಿಯಂ ಕಥೆಯೂ ಅಷ್ಟೇ. ಮೇಲಿನ ಎರಡು ಎಸಳು ಕೆಳಗಿನ ಮೂರಕ್ಕಿಂತ ಬೇರೆ ಇವೆಯಾ ನೋಡಿ, ಇದ್ದರೆ ಅದು ಪೆಲಾರ್ಗೋನಿಯಂ.

ಜಾಸ್ತಿ ಕಾಡಿದ್ದು ಕುಂಡಕ್ಕೆ ಹೆಸರು ಬರೆದಿಡುವ ಲೇಬಲ್. ಸ್ಕೆಚ್ ಪೆನ್ ಒಂದೇ ಬೇಸಿಗೆಗೆ ಮಾಸಿತು. ಲ್ಯಾಮಿನೇಷನ್ ಒಳಗೆ ನೀರು ಹೋಯಿತು. ಸಾವಿರಕ್ಕೂ ಮೇಲೆ ಕೊಟ್ಟ ಪ್ಲಾಸ್ಟಿಕ್ ಪಟ್ಟಿಗಳು ಬಿಸಿಲಿಗೆ ಪುಡಿಯಾದವು. ಕೊನೆಗೆ ನಿಂತದ್ದು ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ. ಕತ್ತರಿಸಿ, ಅಂಚು ಮಡಚಿ, ಇಂಕ್ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರ ಕೊರೆದಂತೆ ಕೂರುತ್ತೆ. ಖರ್ಚು ಇಲ್ಲವೇ ಇಲ್ಲ. ದಾಸವಾಳಕ್ಕೆ ಬರೀ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್ ಸಾಲದು, ತಳಿಯ ಹೆಸರೂ ಬೇಕು. ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ, ಸುಮ್ನೆ ಊಹಿಸಿ ಬರೆಯಬೇಡಿ.

ಲಾಭ? ದಾಸವಾಳ, ಹಾಲಿಹಾಕ್, ಬೆಂಡೆ ಎಲ್ಲ ಮಾಲ್ವೇಸಿ ಅನ್ನೋ ಒಂದೇ ಕುಟುಂಬ. ನನ್ನಲ್ಲಿ ಹಿಟ್ಟು ತಿಗಣೆ ಮೊದಲು ಕಾಣಿಸುವುದು ಆ ಸಾಲಿನಲ್ಲೇ. ಅಲ್ಲೇ ಎಲೆ ಮಗುಚಿ ನೋಡುತ್ತೇನೆ, ಅಲ್ಲೇ ಬೇವಿನೆಣ್ಣೆ ಹೊಡೆಯುತ್ತೇನೆ. ಎಣ್ಣೆಯ ಖರ್ಚು ಸುಮಾರು ಅರ್ಧಕ್ಕೆ ಇಳಿದಿದೆ. ನಂದಿಬಟ್ಟಲು, ಕಣಗಿಲೆ, ದೇವಗಣಗಿಲೆ ಎಲ್ಲ ಅಪೋಸೈನೇಸಿ ಕುಟುಂಬ, ಎಲೆ ಮುರಿದರೆ ರಸ ಒಸರುತ್ತೆ. ಕಣಗಿಲೆ ವಿಷ ಅಲ್ವಾ, ಆ ಸಾಲನ್ನು ಮಕ್ಕಳ ಕೈಗೆ ಸಿಗದ ಕಡೆ ಇಟ್ಟಿದ್ದೇನೆ.

ಅದೇ ಕುಟುಂಬದಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ಕಣಗಿಲೆಯ ಬುಡಕ್ಕೆ ಅಡೀನಿಯಂ (ದಪ್ಪ ಕಾಂಡದ ಹೂಗಿಡ) ಕಸಿ. ಮಳೆಗಾಲದಲ್ಲಿ ಕಟ್ಟಿದ್ದೆಲ್ಲ ಕೊಳೆಯಿತು. ಬೇಸಿಗೆಯಲ್ಲಿ ಕಟ್ಟಿದ್ದರಲ್ಲಿ ಹತ್ತಕ್ಕೆ ಆರೇಳು ಹಿಡಿದವು, ಎರಡು ಹೂವನ್ನೂ ಬಿಟ್ಟಿವೆ. ಬುಡದಿಂದ ಕಣಗಿಲೆ ಚಿಗುರು ಬರುತ್ತಲೇ ಇರುತ್ತೆ, ಚಿವುಟುತ್ತಿರಬೇಕು. ಯಾವ ಪಟ್ಟಿಯಿಂದ ಕಟ್ಟುತ್ತೇನೆ, ಕೊಂಬೆಯನ್ನು ಎಷ್ಟು ಒಣಗಿಸುತ್ತೇನೆ ಅನ್ನೋದನ್ನು ಇನ್ನೊಂದು ಬೇಸಿಗೆ ನೋಡಿಯೇ ಹೇಳುತ್ತೇನೆ.