ಬಾನೆಟ್ ಒಳಗಿನ ವೈರು: ಒಂದೇ ಗಾಡಿಗೆ ಎರಡು ಸಲ ಮಾಡಿದ ಕೆಲಸ

ಅಪ್ಪನ 1998ರ ಮಾರುತಿ 800ರ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಎಂಜಿನ್ ಅಲ್ಲ, ವೈರು. ಅಸಲಿಗೆ ಅದು ಬಹಳ ಸರಳವಾದ ಗಾಡಿ. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್. ಕಂಪನಿಯಿಂದ ಬಂದಾಗ ಎಂಜಿನ್ ಕಡೆಗೆ ಇದ್ದ ವೈರೆಲ್ಲ ಒಂದು ಮುಷ್ಟಿಗೆ ಸಿಗುವಷ್ಟು. ಆಮೇಲೆ ಬಂದವರು ಒಬ್ಬೊಬ್ಬರು ಒಂದೊಂದು ಪದರ ಸೇರಿಸಿದರು. ಗ್ಯಾಸ್ ಕಿಟ್ ಹಾಕಿದವರದ್ದು ಒಂದು, ಫಾಗ್ ಲ್ಯಾಂಪ್ ಹಾಕಿದವರದ್ದು ಇನ್ನೊಂದು, ಯಾವತ್ತೋ ಸತ್ತುಹೋದ ಅಲಾರಂನದ್ದು ಮತ್ತೊಂದು. ಕೆಂಪು ವೈರಿಗೆ ಹಸಿರು ಜೋಡಿಸಿ, ಹಸಿರು ಸಾಲದ್ದಕ್ಕೆ ಮನೆ ವೈರಿಂಗಿನ ಹಳದಿ ಜೋಡಿಸಿ, ಎಲ್ಲದರ ಮೇಲೂ ಕಪ್ಪು ಟೇಪು. ಮದುವೆ ಮನೆಯ ಸೀರಿಯಲ್ ಸೆಟ್ ಬಿಚ್ಚಿ ಮೂಲೆಗೆ ಎಸೆದ ಹಾಗಿತ್ತು.

2021ರ ಏಪ್ರಿಲ್ ಕೊನೆಗೆ ಎರಡನೇ ಲಾಕ್‌ಡೌನ್ ಆಯಿತಲ್ಲ, ಆಗ ಶಿವಮೊಗ್ಗದ ಮನೆಯಲ್ಲಿ ಕೂತು ಈ ವೈರಿನ ಗೋಜಲು ಬಿಡಿಸಿ ಚೊಕ್ಕ ಮಾಡಲು ಕೈ ಹಾಕಿದೆ. ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ. ಮೀಟರ್ ಹಿಡಿಯೋದು, ಬೆಸುಗೆ ಹಾಕೋದು ಕಾಲೇಜಿನಿಂದ ಬಂದ ಚಟ, ಅಷ್ಟೇ.

ಮೊದಲು ಬ್ಯಾಟರಿಯ ನೆಗೆಟಿವ್ ಕ್ಲಿಪ್ಪು ಬಿಚ್ಚಿದೆ. ಈ ಕ್ರಮ ತಪ್ಪಿಸಬಾರದು. ನೆಗೆಟಿವ್ ಇದ್ದಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಪಾನಾ ಗಾಡಿಯ ಬಾಡಿಗೆ, ಅಂದರೆ ನೆಗೆಟಿವ್ ಜೋಡಿಸಿರುವ ತಗಡಿಗೆ, ತಾಗಿದರೆ ನೇರ ಶಾರ್ಟು, ಪಾನಾ ಅಲ್ಲೇ ಬೆಸೆದುಕೊಂಡರೂ ಆಶ್ಚರ್ಯವಿಲ್ಲ. ಆಮೇಲೆ ಎಲ್ಲ ಕೋನದಿಂದ ಫೋಟೊ, ಪ್ರತಿ ಕಪ್ಲರ್‌ಗೂ (ವೈರುಗಳನ್ನು ಸೇರಿಸುವ, ಬಿಚ್ಚಲು ಬರುವ ಪ್ಲಾಸ್ಟಿಕ್ ಜೋಡಣೆ) ಮಾಸ್ಕಿಂಗ್ ಟೇಪಿನ ಚೀಟಿ, ಚೀಟಿಯ ಮೇಲೆ ನಂಬರು, ನೋಟ್‌ಬುಕ್ಕಿನಲ್ಲಿ ಅದೇ ನಂಬರಿಗೆ ವಿವರ. ಒಟ್ಟು 31 ಚೀಟಿ. ಈ ಕೆಲಸಕ್ಕೇ ಒಂದು ಇಡೀ ದಿನ ಹೋಯಿತು. ಅಪ್ಪ ಎರಡು ಸಲ ಬಂದು ನೋಡಿ, "ಇನ್ನೂ ಶುರು ಮಾಡಿಲ್ವಾ?" ಅಂದು ಹೋದರು.

ಟೇಪು ಬಿಚ್ಚುತ್ತಾ ಹೋದರೆ ಬೇಡದ ವೈರೇ ಜಾಸ್ತಿ. ಗ್ಯಾಸ್ ಕಿಟ್ ತೆಗೆಸಿ ಎಷ್ಟೋ ವರ್ಷವಾಗಿತ್ತು. ಸಿಲಿಂಡರ್, ಸೊಲೆನಾಯ್ಡ್ ಎಲ್ಲ ಹೋಗಿವೆ, ಆದರೆ ಅದಕ್ಕೆ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನಿಂದ ಎಳೆದ ವೈರು ಹಾಗೇ ಉಳಿದು, ತುದಿಯಲ್ಲಿ ಬರಿ ತಾಮ್ರ ಬಿಟ್ಟುಕೊಂಡು ತೂಗಾಡುತ್ತಿತ್ತು. ಅದೊಂದು ಬಾಡಿಗೆ ತಾಗಿದ್ದರೆ ಎಂಜಿನ್ ಅಲ್ಲೇ ಬಂದ್ ಆಗುತ್ತಿತ್ತು. ಬೇಡದ್ದನ್ನು ಕತ್ತರಿಸುವಾಗ ಒಂದು ಹಟ ಇಟ್ಟುಕೊಂಡಿದ್ದೆ: ಎರಡೂ ತುದಿ ಕಂಡ ಮೇಲೆಯೇ ಕತ್ತರಿ. "ಇದು ಬೇಡದ್ದಿರಬೇಕು" ಅನ್ನೋದರ ಮೇಲೆ ಒಂದೂ ಕತ್ತರಿಸಲಿಲ್ಲ. ಕೊನೆಗೆ ಹೊರಬಂದ ಗಂಟನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ, 640 ಗ್ರಾಂ. ಬಾನೆಟ್ ಒಳಗೆ ಅರ್ಧ ಚೆಂದ ಅಲ್ಲಿಗೇ ಬಂದಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು ಅಂತ ಈಗ ಅನ್ನಿಸುತ್ತೆ.

ಆದರೆ ಯೂಟ್ಯೂಬಿನಲ್ಲಿ ಹೊರದೇಶದವರ ಶೋ ಕಾರುಗಳನ್ನು ನೋಡಿ ತಲೆ ಕೆಟ್ಟಿತ್ತು. ಎಂಜಿನ್ ಒಂದು ಬಿಟ್ಟು ಬೇರೇನೂ ಕಾಣದ ಹಾಗೆ ಮಾಡುತ್ತಾರಲ್ಲ, ಆ ಥರ. ಮುಂದಿನ ಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ಅದರ ಬೋಲ್ಟ್ ಬಿಚ್ಚಿ, ಹೆಡ್‌ಲೈಟ್ ಮತ್ತು ಇಂಡಿಕೇಟರ್ ವೈರನ್ನೆಲ್ಲ ಫೆಂಡರ್ ಒಳಗಿನಿಂದ ತಿರುಗಿಸಿದೆ. ರೇಡಿಯೇಟರ್ ಫ್ಯಾನಿನ ಕಪ್ಲರನ್ನು ಮೇಲಿನ ಅಡ್ಡಪಟ್ಟಿಯ ಕೆಳಗೆ ತುರುಕಿ ನಾಲ್ಕು ಕೇಬಲ್ ಟೈ ಬಿಗಿದೆ. ಬಿಸಿ ಏರಿದಾಗ ಫ್ಯಾನ್ ಆನ್ ಮಾಡುವ, ಎಂಜಿನ್ ಮೇಲಿನ ಥರ್ಮೋ ಸ್ವಿಚ್ಚಿಗೆ ಹೋಗುವ ವೈರು ಸಡಿಲವಾಗಿ ಬಾಗಿತ್ತು. ಕಣ್ಣಿಗೆ ಸರಿಕಾಣಲಿಲ್ಲ ಅಂತ ಎಳೆದು ನೇರ ಮಾಡಿದೆ. ಅಂಗಡಿಗಳೆಲ್ಲ ಮುಚ್ಚಿದ್ದರಿಂದ ಮನೆಯಲ್ಲಿದ್ದ ಮಾಮೂಲಿ ಪಿವಿಸಿ ಟೇಪನ್ನೇ ಉದ್ದಕ್ಕೂ ಸುತ್ತಿದೆ. ಫೋಟೊ ತೆಗೆದು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದಾಗ ಚಪ್ಪಾಳೆ ಬಿದ್ದದ್ದೇ ಬಿದ್ದದ್ದು.

ಜುಲೈನಲ್ಲಿ ಉಡುಪಿಗೆ ಹೋಗಿ ವಾಪಸ್ ಬರುತ್ತಿದ್ದೆವು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕು, 14 ಹೇರ್‌ಪಿನ್ ತಿರುವು. ಮುಂದೆ ಒಂದು ಲೋಡ್ ಗಾಡಿ, ಅದರ ಹಿಂದೆ ನಾವು, ಮೊದಲ ಗೇರು, ಎರಡನೇ ಗೇರು. ಬಯಲಿನಲ್ಲಿ ಓಡುವಾಗ ಗಾಳಿಯೇ ರೇಡಿಯೇಟರ್ ತಣಿಸುತ್ತೆ, ಫ್ಯಾನ್ ಇಲ್ಲದಿದ್ದರೂ ಗೊತ್ತಾಗಲ್ಲ. ಘಾಟಿಯಲ್ಲಿ ಫ್ಯಾನ್ ಇಲ್ಲದೆ ನಡೆಯಲ್ಲ. ಅರ್ಧ ಘಾಟಿಗೆ ಬಂದಾಗ ಟೆಂಪರೇಚರ್ ಮುಳ್ಳು ಮೇಲಿನ ಗೆರೆ ಮುಟ್ಟಿತು. ತಿರುವಿನಾಚೆ ಸ್ವಲ್ಪ ಅಗಲ ಜಾಗ ನೋಡಿ ನಿಲ್ಲಿಸಿದೆ. ಆಗುಂಬೆ ಮಳೆ ಗೊತ್ತಲ್ಲ.

ಬಾನೆಟ್ ಎತ್ತಿದರೆ ಫ್ಯಾನ್ ತಿರುಗುತ್ತಿಲ್ಲ. ಇದಕ್ಕೆ ರಸ್ತೆ ಬದಿಯ ಮದ್ದು ಎಲ್ಲರಿಗೂ ಗೊತ್ತಿರುವಂಥದ್ದೇ, ಫ್ಯಾನಿಗೆ ಬ್ಯಾಟರಿಯಿಂದ ನೇರ ಎರಡು ವೈರು ಕೊಡೋದು. ಆದರೆ ಕಪ್ಲರ್ ಎಲ್ಲಿ? ಅಡ್ಡಪಟ್ಟಿಯ ಕೆಳಗೆ, ನಾಲ್ಕು ಕೇಬಲ್ ಟೈ ಹಿಡಿತದಲ್ಲಿ. ನಾನೇ ಇಟ್ಟದ್ದು, ನನ್ನ ಕೈಗೇ ಸಿಗುತ್ತಿಲ್ಲ. ಕತ್ತರಿಸಲು ಗಾಡಿಯಲ್ಲಿ ನೇಲ್ ಕಟರ್ ಬಿಟ್ಟು ಬೇರೇನಿಲ್ಲ. ಹಿಂದಿನಿಂದ ಬಂದ ಜೀಪಿನವರು ನಿಲ್ಲಿಸಿ, ಸೀಟಿನ ಕೆಳಗಿಂದ ಕತ್ತಿ ತೆಗೆದು ಕೊಟ್ಟರು. ತೆಂಗಿನಕಾಯಿ ಸುಲಿಯುವ ಕತ್ತಿಯ ತುದಿಯಲ್ಲಿ, ಒಬ್ಬರು ಟಾರ್ಚ್ ಹಿಡಿದು ಇನ್ನೊಬ್ಬರು ಕೊಡೆ ಹಿಡಿದು, ಕೇಬಲ್ ಟೈ ಕತ್ತರಿಸಿದೆ. ಫ್ಯಾನ್ ತಿರುಗಿತು. ಎಂಜಿನ್ ಪೂರ್ತಿ ತಣಿಯುವವರೆಗೆ ಮುಕ್ಕಾಲು ಗಂಟೆ ಕಾದು, ಆಮೇಲೆಯೇ ರೇಡಿಯೇಟರ್ ಮುಚ್ಚಳ ಬಿಚ್ಚಿ ನೀರು ಹಾಕಿ ಮೇಲೆ ಬಂದೆವು.

ತೀರ್ಥಹಳ್ಳಿಯಲ್ಲಿ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರು. ಟೆಸ್ಟ್ ಲ್ಯಾಂಪ್ ಹಿಡಿದು ಎರಡು ನಿಮಿಷ ನೋಡಿದವರು, "ಯಾರ್ರೀ ಇದನ್ನ ಕಟ್ಟಿದ್ದು?" ಅಂದರು. ಯಾವುದೋ ಗ್ಯಾರೇಜಿನಲ್ಲಿ ಮಾಡಿಸಿದ್ದು ಅಂದೆ. "ಇನ್ನೊಂದ್ಸಲ ಆ ಕಡೆ ಹೋಗ್ಬೇಡಿ" ಅಂದರು. ಹೆಂಡತಿ ಆ ಕಡೆ ಮುಖ ತಿರುಗಿಸಿ ನಗುತ್ತಿದ್ದಳು.

ಅವರು ತೋರಿಸಿದ್ದು ಇಷ್ಟು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತೆ, ಸ್ಟಾರ್ಟ್ ಮಾಡುವಾಗ, ಗೇರು ಹಾಕಿ ಕ್ಲಚ್ ಬಿಡುವಾಗ ಅತ್ತಿತ್ತ ಓಲಾಡುತ್ತೆ. ಬಾಡಿ ಓಲಾಡಲ್ಲ. ಬಾಡಿಯಿಂದ ಎಂಜಿನ್ನಿಗೆ ದಾಟುವ ವೈರು ಅದಕ್ಕೇ ಬಾಗಿ, ಸಡಿಲವಾಗಿ ಇರುತ್ತೆ. ನಾನು ಆ ಬಾಗನ್ನು ಎಳೆದು ನೇರ ಮಾಡಿದ್ದರಿಂದ ಪ್ರತಿ ಗೇರಿಗೂ ಒಂದು ಜಗ್ಗು ಬಿದ್ದು, ಥರ್ಮೋ ಸ್ವಿಚ್ಚಿನ ತಿಂಬಲ್‌ನಿಂದ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ವೈರು ಕಿತ್ತು ಬಂದಿತ್ತು. ಮೇಲೆ ಟೇಪು ಸುತ್ತಿದ್ದರಿಂದ ಕಿತ್ತದ್ದೂ ಕಾಣುತ್ತಿರಲಿಲ್ಲ. ಆ ಟೇಪಿನ ಅಂಟು ಎಂಜಿನ್ ಬಿಸಿಗೆ ಕರಗಿ ಹಲಸಿನ ಮೇಣದ ಹಾಗೆ ಅವರ ಕೈಗೆಲ್ಲ ಹಿಡಿಯಿತು. ಬೈಯದೆ ಸೀಮೆಎಣ್ಣೆಯಲ್ಲಿ ಒರೆಸಿಕೊಂಡರು. ದೊಡ್ಡ ಮನುಷ್ಯರು.

ಎರಡನೇ ಸಲ ಕೆಲಸ ಶುರು ಮಾಡಿದ್ದು 2022ರ ಫೆಬ್ರವರಿಯಲ್ಲಿ. ಈ ಸಲ ಮೊದಲೇ ಬೆಂಗಳೂರಿಗೆ ಹೋಗಿ ಜೆಸಿ ರಸ್ತೆಯಲ್ಲಿ ಗಾಡಿ ಸಾಮಾನು, ಎಸ್‌ಪಿ ರಸ್ತೆಯಲ್ಲಿ ತಿಂಬಲ್, ಸ್ಲೀವು ತಂದೆ. ಪಿವಿಸಿ ಟೇಪಿನ ಬದಲು ಬಟ್ಟೆ ಟೇಪು. ಕಂಪನಿಯ ವೈರಿನ ಕಟ್ಟಿಗೆ (ಹಾರ್ನೆಸ್) ಸುತ್ತುವಂಥದ್ದು, ಬಿಸಿಗೆ ಅಂಟು ಬಿಡಲ್ಲ. ಕೇಳಿ ತಗೊಳ್ಳಿ, ಡ್ಯಾಶ್‌ಬೋರ್ಡ್ ಒಳಗೆ ಸದ್ದು ಬರದ ಹಾಗೆ ಸುತ್ತುವ ಮೆತ್ತನೆ ಟೇಪು ಬೇರೆ, ಎಂಜಿನ್ ಕಡೆಯದ್ದು ಬೇರೆ. ಜತೆಗೆ ವೈರಿನ ಮೇಲೆ ಹಾಕಲು ಉದ್ದಕ್ಕೂ ಸೀಳಿರುವ ಸುಕ್ಕುಸುಕ್ಕಿನ ಪೈಪು, 7, 10 ಮತ್ತು 13 ಮಿಲಿಮೀಟರಿನದ್ದು. ಪೈಪಿನ ಸೀಳನ್ನು ಕೆಳಮುಖ ಮಾಡಬೇಕು, ಒಳಗೆ ಸೇರಿದ ನೀರು ಇಳಿದು ಹೋಗುತ್ತೆ. ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಫೆಂಡರ್ ಬಿಚ್ಚಿದರೆ ಒಳಗೆ ಇಲಿಯ ಬಾಣಂತಿ ಮನೆ. ತೆಂಗಿನ ನಾರು, ಅಡಿಕೆ ಸಿಪ್ಪೆ, ಅಮ್ಮ ಬಹಳ ದಿನದಿಂದ ಹುಡುಕುತ್ತಿದ್ದ ಒಂದು ಕರವಸ್ತ್ರದ ಚೂರು. ನಾನು ಬಚ್ಚಿಟ್ಟ ವೈರು ಅದಕ್ಕೆ ಮನೆ ಬಾಗಿಲಿಗೇ ಹಾಕಿಸಿಕೊಟ್ಟ ಮೆಟ್ಟಿಲಾಗಿತ್ತು. ಇಂಡಿಕೇಟರ್ ವೈರಿನ ಮೈ ಮೂರು ಕಡೆ ಕಡಿದಿತ್ತು. ಮತ್ತೆ ಫೆಂಡರ್ ಒಳಗೆ ವೈರು ಹಾಕುವ ಆಸೆ ಅವತ್ತೇ ಬಿಟ್ಟೆ. ಎಂಜಿನ್ ಕಡೆಯಲ್ಲೇ, ಫೆಂಡರಿನ ಒಳ ಅಂಚು ಮಡಚಿ ಒಂದು ತುಟಿಯ ಹಾಗೆ ಚಾಚಿರುತ್ತಲ್ಲ, ಅದರ ಕೆಳಗೆ ಸಾಲಾಗಿ ಕೂರಿಸಿದೆ. ನಿಂತು ನೋಡಿದರೆ ಕಾಣಲ್ಲ. ಸ್ವಲ್ಪ ಬಗ್ಗಿ ಬೆರಳಾಡಿಸಿದರೆ ಸಿಗುತ್ತೆ. ಕಂಪನಿಯವರೇ ಕೊಟ್ಟ ತೂತುಗಳಿಗೆ ಕ್ಲಿಪ್ಪು ಹಾಕಿದೆ, ಹೊಸ ತೂತು ಒಂದೇ ಒಂದು, ಅದಕ್ಕೂ ಅಂಚು ಮುಚ್ಚುವ ರಬ್ಬರ್ ಬಳೆ (ಗ್ರಾಮೆಟ್) ಕೂರಿಸಿದೆ. ಬರಿ ತಗಡಿನ ಅಂಚು ನಿಧಾನಕ್ಕೆ ವೈರು ಕೊರೆದೇ ಕೊರೆಯುತ್ತೆ.

ಜೋಡಣೆಗೆ ಮೊದಲ ಸಲ ಬೆಸುಗೆ ಹಾಕಿದ್ದೆ, ಅದೇ ಗಟ್ಟಿ ಅನ್ನೋ ನಂಬಿಕೆಯಿಂದ. ಕರಗಿದ ಸೀಸ ತಾಮ್ರದ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿ ಮಾಡುತ್ತೆ. ಕಡ್ಡಿ ಮುಗಿದು ಮೆತ್ತಗಿನ ವೈರು ಶುರುವಾಗುವ ಕಡೆ, ಎಂಜಿನ್ ಅದುರಿ ಅದುರಿ ಒಂದು ದಿನ ತುಂಡಾಗುತ್ತೆ. ಈಗ ಸರಿಯಾದ ಕ್ರಿಂಪಿಂಗ್ ಪ್ಲೇಯರ್‌ನಲ್ಲಿ ಒತ್ತಿದ ತಿಂಬಲ್, ಅದರ ಮೇಲೆ ಒಳಮೈಗೆ ಅಂಟು ಬಳಿದಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವು. ಒತ್ತಿದ ಪ್ರತಿಯೊಂದನ್ನೂ ಕೈಯಲ್ಲಿ ಜೋರಾಗಿ ಎಳೆದು ನೋಡಿದೆ. ಮೊದಲ ಹತ್ತರಲ್ಲಿ ಮೂರು ಕಿತ್ತು ಬಂದವು, ಕೈ ಕುದುರುವವರೆಗೆ ಹಾಗೇ.

ಅರ್ತ್ (ಕರೆಂಟು ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ಜೋಡಣೆ) ವಿಷಯದಲ್ಲಿ ಮಾತ್ರ ಚೆಂದ ಬದಿಗಿಟ್ಟೆ. ಬಾಡಿಗೆ ಅರ್ತ್ ಕೂರುವ ಕಡೆ ಬಣ್ಣ ಕೆರೆದು ತಗಡು ಹೊಳೆಯುವ ಹಾಗೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಬಳಿದೆ. ಎಂಜಿನ್ನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ ಹಸಿರು ಹಿಡಿದಿತ್ತು, ಹೊಸದೇ ಹಾಕಿದೆ. ಸೆಲ್ಫ್ ಹೊಡೆಯುವಾಗ ಅಷ್ಟೂ ಕರೆಂಟು ವಾಪಸ್ ಬರುವ ದಾರಿ ಅದು.

ಹೆಡ್‌ಲೈಟಿಗೆ ರಿಲೇ ಹಾಕಿದ್ದೂ ಆಗಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಬಲ್ಬಿನ ಹತ್ತಿರ 11.8. ನಡುವಿನ ಎರಡು ವೋಲ್ಟ್ ಹಳೆ ವೈರು, ಹಳೆ ಸ್ವಿಚ್ಚಿನಲ್ಲೇ ಸೋರುತ್ತಿತ್ತು. 60/55 ವ್ಯಾಟಿನ ಎರಡು ಬಲ್ಬೆಂದರೆ ಹೈ ಬೀಮಿಗೆ 10 ಆಂಪಿಯರ್ ಲೆಕ್ಕ. ಡಿಮ್‌ಗೆ ಒಂದು, ಹೈಗೆ ಒಂದು ರಿಲೇ, ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ವೈರು, ಒಂದೊಂದಕ್ಕೂ 15 ಆಂಪಿಯರ್ ಫ್ಯೂಸು. ಫ್ಯೂಸು ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು, ಅದು ಕಾಯೋದು ಬಲ್ಬನ್ನಲ್ಲ, ವೈರನ್ನು. ರಿಲೇಯ ಪಿನ್ನುಗಳಿಗೆ ನಂಬರು ಇರುತ್ತೆ: 30ಕ್ಕೆ ಬ್ಯಾಟರಿ, 87ರಿಂದ ಬಲ್ಬು, 85 ಮತ್ತು 86ಕ್ಕೆ ಹಳೆ ಹೆಡ್‌ಲೈಟ್ ಕಪ್ಲರಿನ ವೈರು. ಆದರೆ ಆ ಕಪ್ಲರಿನಲ್ಲಿ ಯಾವ ಪಿನ್ನು ಏನು ಅಂತ ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ. ಎಲ್ಲ ಗಾಡಿಯಲ್ಲೂ ಸ್ವಿಚ್ಚು ಪಾಸಿಟಿವ್ ಕಡೆಗೇ ಇರಲ್ಲ, ಕೆಲವಕ್ಕೆ ಅರ್ತ್ ಕಡೆ ಇರುತ್ತೆ. ಈಗ ಬಲ್ಬಿನ ಹತ್ತಿರ 13.4 ಬರುತ್ತೆ. ರಾತ್ರಿ ಮಂಡಗದ್ದೆ ಕಡೆ ಕಾಡಿನ ರಸ್ತೆಯಲ್ಲಿ ವ್ಯತ್ಯಾಸ ಕಂಡಿತು.

ರಿಲೇ, ಫ್ಯೂಸು, ಫ್ಯಾನಿನ ಕಪ್ಲರ್ ಈ ಮೂರನ್ನೂ ಬಾನೆಟ್ ಎತ್ತಿದ ಕೂಡಲೇ ಕಾಣುವ ಹಾಗೆ ಬಿಟ್ಟಿದ್ದೇನೆ. ರಿಲೇಯ ಬಾಯಿ ಕೆಳಮುಖ, ವೈರು ಒಂದು ಬಾಗು ಕೆಳಗಿಳಿದು ಮೇಲೆ ಹತ್ತುತ್ತೆ, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತೆ. ಪ್ಲಗ್ ವೈರುಗಳನ್ನು ಬೇರೆ ಯಾವುದರ ಜತೆಗೂ ಕಟ್ಟಿಲ್ಲ. ಪೆಟ್ರೋಲ್ ಪೈಪಿಗೆ ಕೇಬಲ್ ಟೈನಲ್ಲಿ ವೈರು ಬಿಗಿಯೋದನ್ನು ಬಹಳ ಗಾಡಿಗಳಲ್ಲಿ ನೋಡಿದ್ದೇನೆ, ದಯವಿಟ್ಟು ಬೇಡ. ಕೇಬಲ್ ಟೈ ಕಡಿಮೆ ಮಾಡಿ ಕ್ಲಿಪ್ಪು ಜಾಸ್ತಿ ಮಾಡಿದ್ದೇನೆ, ಕ್ಲಿಪ್ಪು ಬೆರಳಲ್ಲೇ ಬಿಚ್ಚುತ್ತೆ. ಯಾವ ಬಣ್ಣದ ವೈರು ಎಲ್ಲಿಗೆ ಅನ್ನೋ ನಕ್ಷೆ ಬರೆದು, ಲ್ಯಾಮಿನೇಟ್ ಮಾಡಿಸಿ ಟೂಲ್ ಬ್ಯಾಗಿನಲ್ಲಿ ಇಟ್ಟಿದ್ದೇನೆ, ಪಕ್ಕದಲ್ಲಿ ಒಂದು ಕಟಿಂಗ್ ಪ್ಲೇಯರ್.

ನಾಲ್ಕು ಭಾನುವಾರ ಹಿಡಿಯಿತು, ಪ್ಲೇಯರ್ ಬಿಟ್ಟು ಸುಮಾರು ಮೂರು ಸಾವಿರ ಖರ್ಚು. ಮೊದಲ ಸಲದಷ್ಟು ಚೊಕ್ಕ ಕಾಣಲ್ಲ, ಗುಂಪಿನಲ್ಲಿ ಚಪ್ಪಾಳೆಯೂ ಕಡಿಮೆ ಬಿತ್ತು. ಅದಾದ ಮೇಲೆ ಆಗುಂಬೆಯನ್ನು ಹತ್ತಿಪ್ಪತ್ತು ಸಲ ಹತ್ತಿದ್ದೇವೆ.

ಹೋದ ವಾರ ಹಾರ್ನ್ ಸದ್ದು ಕಮ್ಮಿ ಆಯಿತು ಅಂತ ಅಪ್ಪ ನನಗೆ ಹೇಳದೆ ಎಲ್ಲೋ ಹೋಗಿ ಹೊಸದು ಹಾಕಿಸಿಕೊಂಡು ಬಂದಿದ್ದಾರೆ. ಬಾನೆಟ್ ಎತ್ತಿದರೆ ಬ್ಯಾಟರಿಯ ತಲೆಯ ಮೇಲಿಂದ ಗ್ರಿಲ್‌ವರೆಗೆ ಅಡ್ಡಡ್ಡ ಒಂದು ಗುಲಾಬಿ ಬಣ್ಣದ ವೈರು, ನಡುವೆ ಕಪ್ಪು ಟೇಪಿನ ಒಂದು ಗಂಟು. "ಚೆನ್ನಾಗಿ ಹೊಡೆಯುತ್ತೆ ನೋಡು" ಅಂತ ಎರಡು ಸಲ ಒತ್ತಿ ತೋರಿಸಿದರು. ಈ ಭಾನುವಾರ ಮಳೆ ಬಿಟ್ಟರೆ ಅದನ್ನು ಬಿಚ್ಚಬೇಕು.