ಕಟ್ ಮಾಡದೆ ತಡೆಹಿಡಿಯುವುದು: ಒಂದು ಥ್ರಿಲ್ಲರ್ ಎಡಿಟಿಂಗ್ ಅನುಭವ

ಸೈಕಾಲಜಿಕಲ್ ಥ್ರಿಲ್ಲರ್ ಎಡಿಟ್ ಮಾಡಲು ಕೂತರೆ ನಾನು ಮೊದಲು ನೋಡುವುದು ಒಂದೇ. ಈ ಹೊತ್ತಿನಲ್ಲಿ ಯಾರಿಗೆ ಏನು ಗೊತ್ತು? ಪ್ರೇಕ್ಷಕರಿಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಸಸ್ಪೆನ್ಸ್ ತಾನಾಗಿ ಹುಟ್ಟುತ್ತದೆ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಪ್ರೇಕ್ಷಕರು ಒಮ್ಮೆ ಬೆಚ್ಚಿಬೀಳಬಹುದು, ಅಷ್ಟೇ.

ಒಂದು ಸೀನ್ ಹೇಳುತ್ತೇನೆ. ಹೆಂಡತಿಯ ಡೈರಿಯನ್ನು ಗಂಡ ಕದ್ದು ಓದಿರುತ್ತಾನೆ. ಸ್ಕ್ರಿಪ್ಟ್‌ನಲ್ಲಿ ಆ ಶಾಟ್ ಸೀನಿನ ಕೊನೆಯಲ್ಲಿತ್ತು, ಟ್ವಿಸ್ಟ್ ಥರ. ಅದನ್ನು ತೆಗೆದು ಮೊದಲಿಗೆ ಹಾಕಿದೆ. ಆಮೇಲೆ ಅವನು ‘ಯಾಕೆ ಲೇಟು?’ ಅಂತ ಸುಮ್ನೆ ಕೇಳಿದರೂ ಎದೆ ಧಸಕ್ಕೆನ್ನತೊಡಗಿತು. ಮಾತು ಒಂದಕ್ಷರವೂ ಬದಲಾಗಿರಲಿಲ್ಲ.

ಅವಳು ಮಾತಾಡುವಾಗ ನಾನು ಅವಳ ಕ್ಲೋಸಪ್‌ಗೆ ಹೋಗಲಿಲ್ಲ, ಕೇಳಿಸಿಕೊಳ್ಳುತ್ತಿರುವ ಅವನ ಮುಖದ ಮೇಲೇ ಉಳಿದೆ. ಮಾತು ಮುಗಿದ ಮೇಲೂ 12 ಫ್ರೇಮ್ ಜಾಸ್ತಿ ಬಿಟ್ಟೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಬರೀ ಅರ್ಧ ಸೆಕೆಂಡ್. ಕಟ್ ಆಗಬೇಕಾದ ಕಡೆ ಆಗಲಿಲ್ಲ ಅನ್ನುವುದು ಮನಸ್ಸಿಗೆ ಹೇಗೋ ಗೊತ್ತಾಗುತ್ತದೆ. ಇನ್ನೂ ಎಳೆದರೆ ಮಾತ್ರ ಎಡಿಟರ್ ಕೈಚಳಕ ಎದ್ದು ಕಾಣುತ್ತದೆ. ಅದು ಬೇಡ.

ಜಾಸ್ತಿ ಸಮಯ ತಿಂದಿದ್ದು ಸೌಂಡ್. ಕೋಣೆಯ ರೂಮ್ ಟೋನ್ (ಯಾರೂ ಮಾತಾಡದಿದ್ದಾಗಲೂ ಕೋಣೆಯಲ್ಲಿರುವ ಸಣ್ಣ ಸದ್ದು), ಅದರ ಜೊತೆ ಫ್ರಿಜ್‌ನ ಗುಂಯ್ ಸದ್ದು. ಇವನ್ನು ಸೀನ್ ಉದ್ದಕ್ಕೂ ಗೊತ್ತಾಗದಷ್ಟು ನಿಧಾನವಾಗಿ ಇಳಿಸುತ್ತಾ ಹೋದೆ. ಕೊನೆಗೆ ಉಳಿದದ್ದು ಅವಳು ಕೀಲಿ ಕೆಳಗಿಡುವ ಸದ್ದೊಂದೇ. ತಗ್ಗಿದ ಸ್ವರದ, ಗುಡುಗಿನಂಥ ಸದ್ದು ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಮೊಬೈಲ್ ಸ್ಪೀಕರ್‌ನಲ್ಲಿ ಅದು ಕೇಳಿಸುವುದೇ ಇಲ್ಲ. ಹಾಗಂತ ಮೌನವೇ ಯಾವಾಗಲೂ ಗೆಲ್ಲುತ್ತದೆ ಎಂದೇನಲ್ಲ. 1960ರ ‘ಸೈಕೋ’ ಸಿನಿಮಾದ ಸ್ನಾನದ ಮನೆಯ ಕೊಲೆ ಸೀನಿಗೆ ಸಂಗೀತವೇ ಬೇಡ ಎಂದಿದ್ದರು ನಿರ್ದೇಶಕ ಹಿಚ್‌ಕಾಕ್. ಆದರೂ ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಬರೆದರು, ಬರೀ ತಂತಿವಾದ್ಯಗಳಿಗೆ. ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಿಸಿದರು.

ನಿರ್ದೇಶಕರಿಗೆ ಇಡೀ ಸೀನ್ ನೀಲಿ-ಹಸಿರು ಬಣ್ಣದಲ್ಲಿ ಬೇಕಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ಪ್ರತಿ ಫ್ರೇಮೂ ‘ಹೆದರಿ, ಹೆದರಿ’ ಅಂದರೆ ಯಾರು ಹೆದರುತ್ತಾರೆ, ಅಲ್ವಾ? ಕೋಣೆಗೆ ಮಾಮೂಲಿ ಬೆಚ್ಚನೆಯ ಬೆಳಕೇ ಇರಲಿ, ಅವಳ ಬೆನ್ನ ಹಿಂದಿನ ಬಾಗಿಲು ಮಾತ್ರ ಕತ್ತಲಾಗಿರಲಿ ಎಂದೆ. ಅಲ್ಲಿಂದ ಯಾರೂ ಬರುವುದಿಲ್ಲ. ಆದರೂ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಮಿಕ್ಸಿಂಗ್‌ಗೆ, ಅಂದರೆ ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವ ಹಂತಕ್ಕೆ, ಕಳಿಸುವ ಮುಂಚೆ ಸೀನನ್ನು ಮ್ಯೂಟ್ ಮಾಡಿ ನೋಡುತ್ತೇನೆ, ಆಮೇಲೆ ಕಣ್ಣು ಮುಚ್ಚಿ ಕೇಳುತ್ತೇನೆ. ಎರಡು ಸಲವೂ ಒಂದೇ ಜಾಗದಲ್ಲಿ ಬಿಗಿ ಸಡಿಲಾದರೆ ಅಲ್ಲಿಗೆ ಮತ್ತೆ ಕತ್ತರಿ.